ಘಟ್ಟದ ಬುಡದಿಂದ ಬಾವುಟಗುಡ್ಡೆಗೆ: ಸಂತ ಅಲೋಶಿಯಸ್ ಶಾಲೆಯೂ ನಮ್ಮ ಸೀಮೆಯ ಕನ್ನಡವೂ

ಬೆಳಗ್ಗೆ ಏಳೂವರೆಗೆ ಸೋಮಂತಡ್ಕದ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ನಮ್ಮೂರು ಮುಂಡಾಜೆಯ ಮಕ್ಕಳೆಲ್ಲ ಅಲ್ಲೇ ಸಿಗುತ್ತಾರೆ. ನಾಲ್ಕೈದು ಬಗೆಯ ಯೂನಿಫಾರ್ಮು, ಬೆನ್ನಿಗೆ ಅಂಟಿಕೊಂಡ ಚೀಲ, ಮಳೆಗಾಲವಾದರೆ ಕೊಡೆಯಿಂದ ತೊಟ್ಟಿಕ್ಕುವ ನೀರು. ಊರಲ್ಲೇ ಹೈಸ್ಕೂಲಿದೆ, ಪದವಿಪೂರ್ವ ಕಾಲೇಜಿದೆ. ಬಸ್ಸು ಹತ್ತಿದವರೂ ಹೆಚ್ಚಿನವರು ಉಜಿರೆಯಲ್ಲೋ ಬೆಳ್ತಂಗಡಿಯಲ್ಲೋ ಇಳಿದು, ಸಂಜೆ ಕತ್ತಲಾಗುವ ಮೊದಲು ಮನೆ ಸೇರುತ್ತಾರೆ. ಈ ರಸ್ತೆ ಒಂದು ಕಡೆ ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರಕ್ಕೆ ಹೋಗುತ್ತದೆ. ಇನ್ನೊಂದು ಕಡೆ ಉಜಿರೆ, ಬೆಳ್ತಂಗಡಿ, ಗುರುವಾಯನಕೆರೆ, ಮಡಂತ್ಯಾರು, ಬಂಟ್ವಾಳ ದಾಟಿ ಸುಮಾರು 70 ಕಿಲೋಮೀಟರ್ ಇಳಿದು ಮಂಗಳೂರು ಮುಟ್ಟುತ್ತದೆ. ನೂರು ವರ್ಷ ಹಿಂದೆ ನಮ್ಮ ಕಡೆಯ ಹುಡುಗನೊಬ್ಬ ಹೆಚ್ಚು ಓದಬೇಕೆಂದು ಹಟ ಹಿಡಿದರೆ ಮನೆಯವರು ಈ ಕೆಳಗಿನ ದಾರಿಯನ್ನೇ ನೋಡಬೇಕಿತ್ತು.

ಆ ದಾರಿಯ ಕೊನೆಯಲ್ಲಿದ್ದ ಶಾಲೆಗಳಲ್ಲಿ ಒಂದು, ಬಾವುಟಗುಡ್ಡೆಯ ಮೇಲಿನ ಸಂತ ಅಲೋಶಿಯಸ್. ಇದರ ಬಗ್ಗೆ ಬರೆಯಲು ಮುಂಡಾಜೆಯವನಾದ ನನಗೇನು ಹಕ್ಕು ಎಂದು ಯಾರಾದರೂ ಕೇಳಬಹುದು. ನಾನು ಆ ಶಾಲೆಯ ವಿದ್ಯಾರ್ಥಿಯಲ್ಲ, ಕ್ರೈಸ್ತನೂ ಅಲ್ಲ. ಆದರೆ ಬದುಕಿಡೀ ಕನ್ನಡ ಪಾಠ ಮಾಡಿದವನು. ನಾನು ಮಕ್ಕಳಿಗೆ ಕಲಿಸಿದ ಕನ್ನಡದ ಒಂದು ಬೇರು ಆ ಗುಡ್ಡೆಯ ಮೇಲಿದೆ ಎಂದು ನನಗೆ ಗೊತ್ತಾದದ್ದು ತಡವಾಗಿ. ಆ ಬೇರನ್ನು ಹುಡುಕಿಕೊಂಡು ಹೋದದ್ದರ ಫಲ ಈ ಲೇಖನ.

ಮೊದಲು ಶಾಲೆ ಹುಟ್ಟಿದ ಬಗೆ. ಕೆನರಾ ಕರಾವಳಿಯ ಕೊಂಕಣಿ ಕಥೋಲಿಕರು 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದವರು. 1799ರಲ್ಲಿ ಬಿಡುಗಡೆಯಾಗಿ ಉಳಿದವರು ಮರಳಿ ಬಂದಾಗ ಇಗರ್ಜಿಗಳು ನೆಲಸಮವಾಗಿದ್ದವು, ಗದ್ದೆಗಳು ಬೇರೆಯವರ ಕೈಯಲ್ಲಿದ್ದವು. ಬಂಟ್ವಾಳದ ಅಗ್ರಾರ್‌ನಂಥ ಕಡೆ ಕೆಳದಿಯ ರಾಣಿ ಚೆನ್ನಮ್ಮನ ಕಾಲದಿಂದ ಬೇರೂರಿದ್ದ ಸಮುದಾಯ ಅದು. ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕಾಯಿತು. ಮೊದಲು ಮನೆ, ಆಮೇಲೆ ಇಗರ್ಜಿ, ಆಮೇಲೆ ಬೇಸಾಯ. ಮಗ್ಗುಲಲ್ಲೇ ಕಂಪೆನಿ ಸರಕಾರದ ಕಚೇರಿಗಳು ಎದ್ದವು. ಅಲ್ಲಿ ಗುಮಾಸ್ತನಾಗಬೇಕಾದರೂ ಇಂಗ್ಲಿಷ್ ಬೇಕು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಶಾಲೆ ತೆರೆದಿದ್ದರು. 1860ರ ದಶಕದ ಕೊನೆಗೆ ಸರಕಾರದ ಶಾಲೆಯೂ ಬೆಳೆದು ಕಾಲೇಜಾಗುತ್ತಿತ್ತು. ಕಥೋಲಿಕ ಹಿರಿಯರಿಗೆ ತಮ್ಮದೇ ಆದ, ತಮ್ಮ ನಂಬಿಕೆಗೆ ಧಕ್ಕೆಯಾಗದ ಒಂದು ಉನ್ನತ ಶಾಲೆ ಬೇಕೆನ್ನಿಸಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಸ್ಮರಣ ಸಂಚಿಕೆಗಳಲ್ಲಿ ಇದು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಗಂಡುಮಕ್ಕಳ ಕಾಲೇಜು ಬರುವುದಕ್ಕೆ ಹತ್ತು ವರ್ಷ ಮೊದಲೇ, 1870ರಲ್ಲಿ, ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರು ಫ್ರಾನ್ಸಿನಿಂದ ಮಂಗಳೂರಿಗೆ ಬಂದು ಸಂತ ಆನ್ನರ ಹೆಸರಿನಲ್ಲಿ ಹೆಣ್ಣುಮಕ್ಕಳ ಶಾಲೆ ಶುರುಮಾಡಿದ್ದರು. ಅದೇ ಭಗಿನಿಯರು 1921ರಲ್ಲಿ ಸಂತ ಆಗ್ನೆಸ್ ಮಹಿಳಾ ಕಾಲೇಜನ್ನೂ ತೆರೆದರು. ಈ ಜಿಲ್ಲೆಯಲ್ಲಿ ಹೆಂಗಸರು ಟೀಚರುಗಳಾಗಿ, ನರ್ಸುಗಳಾಗಿ, ಬ್ಯಾಂಕಿನ ಕೌಂಟರಿನ ಹಿಂದೆ ಕೂತವರಾಗಿ ಇಷ್ಟು ಬೇಗ ಕಾಣಿಸಿಕೊಂಡದ್ದಕ್ಕೆ ಆ ಮೊದಲ ಹೆಜ್ಜೆಯ ಋಣವಿದೆ. ಅದರ ಕಥೆ ಬೇರೆಯೇ ಒಂದು ಲೇಖನವನ್ನು ಬೇಡುತ್ತದೆ.

ಮಂಗಳೂರಿನ ಕಥೋಲಿಕರು ಯೇಸುಸಭೆಯ, ಅಂದರೆ ಜೆಸ್ವಿತ್, ಗುರುಗಳನ್ನು ಕಳಿಸಿಕೊಡಿ ಎಂದು ರೋಮಿಗೆ ಬರೆದುಕೊಂಡರು. ಹದಿಮೂರನೆಯ ಲಿಯೋ ಪೋಪರಾಗಿದ್ದ ಕಾಲ. ಮಂಗಳೂರು ಮಿಶನನ್ನು ಯೇಸುಸಭೆಯ ವೆನಿಸ್ ಪ್ರಾಂತ್ಯಕ್ಕೆ ಒಪ್ಪಿಸಲಾಯಿತು. 1878ರ ಡಿಸೆಂಬರ್ 31ರಂದು ಒಂಬತ್ತು ಮಂದಿ ಜೆಸ್ವಿತರು ಮಂಗಳೂರಿಗೆ ಕಾಲಿಟ್ಟರು. ರೈಲು ಈ ಊರಿಗೆ ಬಂದದ್ದು 1907ರಲ್ಲಿ, ಅದಕ್ಕೂ ಸುಮಾರು ಮೂವತ್ತು ವರ್ಷ ಮೊದಲಿನ ಮಾತಿದು. ಬಂದ ಮರುವರ್ಷವೇ ಜೆಪ್ಪುವಿನ ಸೆಮಿನರಿ ಶುರುವಾಯಿತು. 1880ರ ಜನವರಿ 12ರಂದು ಕೊಡಿಯಾಲಬೈಲಿನಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಆ ಕಾಲದಲ್ಲಿ ಕಾಲೇಜು ಎಂದರೆ ಕೆಳಗಿನ ತರಗತಿಗಳಿಂದ ಹಿಡಿದು ಹೈಸ್ಕೂಲು, ಮೇಲೆ ಎಫ್.ಎ. (ಇಂದಿನ ಪದವಿಪೂರ್ವಕ್ಕೆ ಸಮನಾದ) ತರಗತಿಯವರೆಗೆ ಒಂದೇ ಸಂಸ್ಥೆ. ಇಂದಿನ ಹೈಸ್ಕೂಲಿನ ಬೇರು ಅಲ್ಲೇ ಇದೆ. ಅದನ್ನು ಕಾಲೇಜಿನ ಬಾಲ ಎಂದು ತಿಳಿಯುವುದು ತಪ್ಪು.

ಜಾಗ ಕೊಟ್ಟವರು ಲಾರೆನ್ಸ್ ಲೋಬೊ ಪ್ರಭು. ಊರ ನಡುವೆ ಎದ್ದು ನಿಂತ ಗುಡ್ಡೆ ಅದು. ಈದ್ಗಾ ಇರುವುದರಿಂದ ಈದ್ಗಾ ಗುಡ್ಡೆ, ಹಡಗುಗಳಿಗೆ ದಾರಿ ತೋರುವ ದೀಪಸ್ತಂಭ ಇದ್ದುದರಿಂದ ಲೈಟ್ ಹೌಸ್ ಹಿಲ್, ನಮ್ಮವರ ಬಾಯಲ್ಲಿ ಬಾವುಟಗುಡ್ಡೆ. 1882ರ ಜೂನ್ 11ರಂದು ಶಿಲಾನ್ಯಾಸವಾಯಿತು, 1885ರ ಹೊತ್ತಿಗೆ ತರಗತಿಗಳು ಗುಡ್ಡೆ ಏರಿದವು. ಮುರಕಲ್ಲಿನ ಗೋಡೆ, ಹಂಚಿನ ಮಾಡು. ಇಂದಿಗೂ ಆ ಉದ್ದ ಜಗಲಿಯಲ್ಲಿ ನಿಂತರೆ ಮಧ್ಯಾಹ್ನದ ಸೆಕೆಯಲ್ಲೂ ಪಡುವಣ ಗಾಳಿ ಬೀಸುತ್ತದೆ. ಗುಡ್ಡೆಯ ಒಂದು ಮಗ್ಗುಲಲ್ಲಿ ಬಾಂಗು, ಇನ್ನೊಂದು ಮಗ್ಗುಲಲ್ಲಿ ಚಾಪೆಲಿನ ಗಂಟೆ. ಶಾಲೆಯ ಹುಡುಗರು ಎರಡನ್ನೂ ಕೇಳಿಕೊಂಡೇ ಲೆಕ್ಕ ಮಾಡಿದವರು.

ಹೆಸರು ಯಾರದು? ಅಲೋಶಿಯಸ್ ಗೊನ್ಸಾಗ 1568ರಲ್ಲಿ ಇಟಲಿಯ ಕಸ್ತಿಲ್ಯೋನೆಯಲ್ಲಿ ಅರಮನೆಯ ಹಿರಿಯ ಮಗನಾಗಿ ಹುಟ್ಟಿದವನು. ಉತ್ತರಾಧಿಕಾರ ಬಿಟ್ಟು ಯೇಸುಸಭೆ ಸೇರಿದ. ರೋಮಿನಲ್ಲಿ ಪಿಡುಗು ಬಡಿದಾಗ ರೋಗಿಗಳನ್ನು ಹೊತ್ತು ಸೇವೆ ಮಾಡಿ, ತಾನೂ ರೋಗ ತಗುಲಿಸಿಕೊಂಡು 1591ರ ಜೂನ್ 21ರಂದು ತೀರಿಕೊಂಡ. ಆಗ ವಯಸ್ಸು ಇಪ್ಪತ್ತಮೂರು. ಎಳೆಯ ವಿದ್ಯಾರ್ಥಿಗಳ ಪಾಲಕ ಸಂತನೆಂದು ಅವನನ್ನು ನೆನೆಯುವುದು ಇದಕ್ಕಾಗಿ.

ಆ ಬದುಕಿನ ಘಟ್ಟಗಳನ್ನೇ ಚಾಪೆಲಿನ ಚಾವಣಿಯ ಮೇಲೆ ಆಂಟನಿ ಮೊಸ್ಕೇನಿ ಚಿತ್ರಿಸಿದ್ದು. ಬೆರ್ಗಾಮೊದ ಬಳಿಯ ಸ್ತೆಜ್ಜಾನೊ ಎಂಬ ಹಳ್ಳಿಯವನು, 1854ರಲ್ಲಿ ಹುಟ್ಟಿದವನು. ಚಿತ್ರಕಲೆ ಕಲಿತು ಹೆಸರು ಮಾಡಿದ ಮೇಲೆ ಎಲ್ಲ ಬಿಟ್ಟು ಜೆಸ್ವಿತರಲ್ಲಿ ಸಹೋದರನಾಗಿ ಸೇರಿದ. 1899ರಿಂದ ಸುಮಾರು ಎರಡು ವರ್ಷ ಅಟ್ಟಳಿಗೆಯ ಮೇಲೆ ನಿಂತೇ ಕೆಲಸ ಮಾಡಿದ. ಗೋಡೆಗಳಲ್ಲಿ ಹಸಿ ಗಾರೆಯ ಮೇಲೆ ಬರೆಯುವ ಫ್ರೆಸ್ಕೊ, ಚಾವಣಿಯಲ್ಲಿ ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣ. ಹಸಿ ಗಾರೆಯ ಚಿತ್ರದಲ್ಲಿ ಕಾಯಲು ಸಮಯವಿಲ್ಲ. ಆ ದಿನಕ್ಕೆ ಸವರಿದ ಸುಣ್ಣದ ಗಾರೆ ಒಣಗುವ ಮೊದಲು ಬಣ್ಣ ಒಳಗಿಳಿಯಬೇಕು, ತಪ್ಪಿದರೆ ಕೆತ್ತಿ ತೆಗೆದು ಮತ್ತೆ ಸವರಬೇಕು. ನಮ್ಮ ಮಳೆಗಾಲದ ತೇವದಲ್ಲಿ ಇದನ್ನು ಸಾಧಿಸಿದ ಕೈಯ ನಿಯಮ ಎಂಥದಿರಬೇಕು! ಮೊಸ್ಕೇನಿ ಇಟಲಿಗೆ ಹಿಂದಿರುಗಲಿಲ್ಲ. ಕೇರಳದ ಇಗರ್ಜಿಗಳಲ್ಲೂ ಚಿತ್ರ ಬರೆದು 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ. ಮಳೆ, ಉಪ್ಪುಗಾಳಿಗೆ ಮಸಕಾದ ಚಿತ್ರಗಳನ್ನು 1990ರ ದಶಕದ ಆರಂಭದಲ್ಲಿ ಲಕ್ನೋದ ಇಂಟ್ಯಾಕ್ ಎಂಬ ಪರಂಪರೆ ಸಂರಕ್ಷಣಾ ಸಂಸ್ಥೆಯ ತಜ್ಞರು ಶುಚಿಗೊಳಿಸಿದರು. ಇಂದು ದೂರದೂರದ ಪ್ರವಾಸಿಗಳು ಚಾಪೆಲನ್ನು ನೋಡಲೆಂದೇ ಬರುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಇದು ಶಾಲೆಯ ಮಕ್ಕಳು ದಿನಾ ಮಂಡಿಯೂರುವ ಕೋಣೆ ಎಂಬುದು ಒಳಗೆ ಬೆಂಚುಗಳನ್ನು ನೋಡಿದ ಮೇಲೆಯೇ ಹೊಳೆಯುತ್ತದೆ.

ನನ್ನ ಮನಸ್ಸು ಹೆಚ್ಚು ನಿಲ್ಲುವುದು ಚಿತ್ರಗಳಲ್ಲಲ್ಲ, ಭಾಷೆಯಲ್ಲಿ. ಬಂದ ಒಂಬತ್ತು ಮಂದಿಯಲ್ಲಿ ಆಂಜೆಲೊ ಮಾಫೆಯಿ ಎಂಬ ಇಟಲಿಯ ಗುರು ಇದ್ದರು. ಊರಿನವರ ಮಾತು ತಿಳಿಯದೆ ಕಲಿಸುವುದಾಗಲಿ ಪಾಪನಿವೇದನೆ ಕೇಳುವುದಾಗಲಿ ಹೇಗೆ ಸಾಧ್ಯ ಎಂದು ಕೊಂಕಣಿ ಕಲಿಯಲು ಕೂತರು. ಕೂತವರು ಎದ್ದದ್ದು 1882ರಲ್ಲಿ ಕೊಂಕಣಿ ವ್ಯಾಕರಣ, 1883ರಲ್ಲಿ ಇಂಗ್ಲಿಷ್–ಕೊಂಕಣಿ ನಿಘಂಟು ಕೈಯಲ್ಲಿ ಹಿಡಿದು. ಇವು ಅಚ್ಚಾದದ್ದು ಎಲ್ಲಿ? ಪ್ರೊಟೆಸ್ಟೆಂಟರಾದ ಬಾಸೆಲ್ ಮಿಶನ್ನಿನ ಅಚ್ಚುಕೂಟದಲ್ಲಿ. ಕಥೋಲಿಕ ಗುರುವಿನ ಪುಸ್ತಕವನ್ನು ಪ್ರೊಟೆಸ್ಟೆಂಟ್ ಪ್ರೆಸ್ಸು ಅಚ್ಚು ಹಾಕಿತು. ಆ ಎರಡು ಬಣಗಳ ನಡುವೆ ಯೂರೋಪಿನಲ್ಲಿ ಆಗಿಹೋದದ್ದನ್ನು ಬಲ್ಲವರಿಗೆ ಇದು ಸಣ್ಣ ಸಂಗತಿಯಲ್ಲ. ಅದೇ ಪ್ರೆಸ್ಸಿನಿಂದ 1886ರಲ್ಲಿ ಮ್ಯಾನರನ ತುಳು–ಇಂಗ್ಲಿಷ್ ನಿಘಂಟು, 1894ರಲ್ಲಿ ಕಿಟ್ಟೆಲನ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂದವು. ಹನ್ನೊಂದು ವರ್ಷಗಳಲ್ಲಿ ಮೂರು ಭಾಷೆಗೆ ಮೂರು ನಿಘಂಟು, ಒಂದೇ ಊರಿನ ಒಂದೇ ಅಚ್ಚುಕೂಟದಿಂದ. 1901ರ ಜನಗಣತಿಯಲ್ಲಿ ಆ ಊರಿನ ಜನಸಂಖ್ಯೆ 44,000ದಷ್ಟು ಮಾತ್ರ.

ಅದೇ ತಂಡದ ಇನ್ನೊಬ್ಬರು ವೆಸ್ಟ್‌ಫಾಲಿಯದ ಆಗಸ್ಟಸ್ ಮುಲ್ಲರ್. ಪಾಠ ಮಾಡಲು ಬಂದ ಗುರು, ಜತೆಗೆ ಹೋಮಿಯೋಪಥಿ ಔಷಧದ ಪೆಟ್ಟಿಗೆ ತಂದಿದ್ದರು. ಶಾಲೆಯ ಹುಡುಗರಿಗೆ ಗುಳಿಗೆ ಕೊಡುತ್ತಾ ಶುರುವಾದದ್ದು ಕಂಕನಾಡಿಯ ಬಡವರ ಔಷಧಾಲಯವಾಯಿತು, ಕುಷ್ಠರೋಗಿಗಳ ಆಶ್ರಮವಾಯಿತು, ಇಂದು ಜಿಲ್ಲೆಯೇ ಬಲ್ಲ ಫಾದರ್ ಮುಲ್ಲರ್ ಆಸ್ಪತ್ರೆಯಾಗಿದೆ. ಮುಂಡಾಜೆಯ ಕಡೆಯಿಂದ ಹೊತ್ತಲ್ಲದ ಹೊತ್ತಿನಲ್ಲಿ ಆಂಬುಲೆನ್ಸ್ ಹೊರಟರೆ ಅದು ಹೋಗುವ ಊರಿನ ಹೆಸರಿಗಿಂತ ಆಸ್ಪತ್ರೆಯ ಹೆಸರೇ ಮೊದಲು ಬಾಯಿಗೆ ಬರುತ್ತದೆ.

1897ರಲ್ಲಿ ಕಾಲೇಜಿನಿಂದ ಮಂಗಳೂರು ಮ್ಯಾಗಜೀನ್ ಹೊರಡತೊಡಗಿತು. 1913ರಲ್ಲಿ ಫಾದರ್ ಕಿಯಾಪಿ ವಸ್ತುಸಂಗ್ರಹಾಲಯ ಕಟ್ಟಿದರು. ಮಂಗಳೂರಿನ ಮೊದಲ ಮೋಟಾರು ಕಾರು ಎಂದು ಹೆಸರಾದ ಗಾಡಿ ಅಲ್ಲಿದೆ. ಕಟ್ಟಡಗಳು, ಪ್ರಾಂಶುಪಾಲರು, ಪದಕಗಳು ಇವನ್ನೆಲ್ಲ ಈ ಸಂಚಿಕೆಯ ಬೇರೆ ಲೇಖಕರು ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ಕನ್ನಡ ಪಂಡಿತರ ಕೋಣೆಗೆ ಹೋಗುತ್ತೇನೆ.

ಮದ್ರಾಸು ಪ್ರಾಂತ್ಯದ ಶಾಲೆಗಳಲ್ಲಿ ಕನ್ನಡ ಪಂಡಿತ ಎಂಬುದು ಒಂದು ಹುದ್ದೆ. ಕೋಟು ಹಾಕಿದ ಬಿ.ಎ. ಮಾಸ್ಟ್ರುಗಳ ನಡುವೆ ಪಂಚೆ, ಶಾಲು, ಮುಂಡಾಸಿನ ಪಂಡಿತರು. ಇಂಗ್ಲಿಷು, ಗಣಿತಕ್ಕೆ ಇದ್ದ ಗತ್ತು ದೇಶಭಾಷೆಗೆ ಇರಲಿಲ್ಲ. ಆ ಹುದ್ದೆಯಲ್ಲಿ ಸಂತ ಅಲೋಶಿಯಸ್ ಯಾರನ್ನು ಕೂರಿಸಿತು ನೋಡಿ. ಮುಳಿಯ ತಿಮ್ಮಪ್ಪಯ್ಯ. ಆಮೇಲೆ ಸೇಡಿಯಾಪು ಕೃಷ್ಣಭಟ್ಟ. ಇಬ್ಬರೂ ನಮ್ಮ ಜಿಲ್ಲೆಯ ಒಳನಾಡಿನವರು; ಮುಳಿಯ, ಸೇಡಿಯಾಪು ಎರಡೂ ಅಡಿಕೆ ತೋಟದ ಮನೆಗಳ ಹೆಸರು. ಇಬ್ಬರಿಗೂ ಪದವಿಯ ಬಲವಿರಲಿಲ್ಲ, ವಿದ್ಯೆಯ ಬಲವಿತ್ತು. ಕಥೋಲಿಕ ಗುರುಗಳು ನಡೆಸುವ ಶಾಲೆ ಸಂಪ್ರದಾಯಸ್ಥ ಮನೆಗಳ ಈ ಹವ್ಯಕ ವಿದ್ವಾಂಸರನ್ನು ಕರೆದು ಕೂರಿಸಿತು, ಅವರೂ ಹೋಗಿ ಕೂತರು. ಎರಡೂ ಕಡೆಯ ದೊಡ್ಡತನ ಅದು.

ಮುಳಿಯರು 1888ರಲ್ಲಿ ಹುಟ್ಟಿದವರು, 1950ರಲ್ಲಿ ತೀರಿಕೊಂಡರು. 1931ರಲ್ಲಿ ಕಾರವಾರದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. 1938ರಲ್ಲಿ ಅವರ ‘ನಾಡೋಜ ಪಂಪ’ ಹೊರಬಂತು. ಪಂಪನ ಮೇಲೆ ಅಷ್ಟು ದೊಡ್ಡ ಮಟ್ಟದ ವಿಮರ್ಶಾಗ್ರಂಥ ಅದಕ್ಕೆ ಮೊದಲು ಕನ್ನಡದಲ್ಲಿ ಇರಲಿಲ್ಲ ಎಂದೇ ನನ್ನ ತಿಳಿವು. ಪಂಪ ಹುಟ್ಟಿದ ನಾಡು, ಅವನ ಕಾಲ, ಅವನ ದೊರೆ, ಅವನ ಮಾತಿನ ಕಸುವು ಎಲ್ಲವನ್ನೂ ಒಂದೊಂದಾಗಿ ಕೈಗೆತ್ತಿಕೊಂಡು ತೂಗಿ ನೋಡಿದ ಪುಸ್ತಕ. ಹತ್ತನೆಯ ಶತಮಾನದ ಜೈನ ಕವಿ, ಅವನನ್ನು ಓದಿದವರು ವಿಟ್ಲದ ಬ್ರಾಹ್ಮಣ ಪಂಡಿತರು, ಅವರಿಗೆ ಸಂಬಳ ಕೊಟ್ಟದ್ದು ಜೆಸ್ವಿತರ ಸಂಸ್ಥೆ. ಮೂಡುಬಿದಿರೆಯ ಬಸದಿಗಳು ತಾಳೆಗರಿಯಲ್ಲಿ ಕಾಪಾಡಿಕೊಂಡು ಬಂದ ಸಂಪತ್ತಿನ ಮಹತ್ವ ಬಲ್ಲ ನಮ್ಮ ಸೀಮೆಗೆ ಇದು ಸಹಜವೆನ್ನಿಸಬಹುದು. ನನಗೆ ಮಾತ್ರ ಇದನ್ನು ನೆನೆದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಯಕ್ಷಗಾನದ ಪಾರ್ತಿಸುಬ್ಬನ ಬಗ್ಗೆಯೂ ಅವರು ಪುಸ್ತಕ ಬರೆದರು. ಬಯಲಾಟದ ಕವಿಯನ್ನು ಪಂಪನಷ್ಟೇ ಶ್ರದ್ಧೆಯಿಂದ ಅಧ್ಯಯನ ಮಾಡಿದವರು ಆ ತಲೆಮಾರಿನಲ್ಲಿ ಬಹಳ ಮಂದಿಯಿಲ್ಲ.

ಸೇಡಿಯಾಪು 1902ರಲ್ಲಿ ಹುಟ್ಟಿದರು. ಹೈಸ್ಕೂಲಿನಲ್ಲೂ ಆಮೇಲೆ ಕಾಲೇಜಿನಲ್ಲೂ ಕನ್ನಡ ಕಲಿಸಿದರು. ಕವಿ, ಕತೆಗಾರ, ಆಯುರ್ವೇದ ಬಲ್ಲವರು, ಎಲ್ಲಕ್ಕಿಂತ ಮಿಗಿಲಾಗಿ ಶಬ್ದದ ಹುಟ್ಟನ್ನೂ ಛಂದಸ್ಸಿನ ನಡೆಯನ್ನೂ ಬೆನ್ನುಹತ್ತಿದವರು. ‘ಪಳಮೆಗಳು’ ಅವರ ಕತೆಗಳ ಸಂಕಲನ. ‘ಕನ್ನಡ ಛಂದಸ್ಸು’, ‘ಛಂದೋಗತಿ’ ವಿದ್ವಾಂಸರು ಇಂದಿಗೂ ಕೈಯಳವಿನಲ್ಲಿ ಇಟ್ಟುಕೊಳ್ಳುವ ಪುಸ್ತಕಗಳು. ನಾನು ಮಾಸ್ಟ್ರಾದ ಮೊದಲ ವರ್ಷ ಒಂಬತ್ತನೆಯ ತರಗತಿಗೆ ಭಾಮಿನಿ ಷಟ್ಪದಿ ಕಲಿಸಬೇಕಿತ್ತು. ಕರಿಹಲಗೆಯ ಮೇಲೆ ಮೂರು, ನಾಲ್ಕು, ಮೂರು, ನಾಲ್ಕು ಎಂದು ಗಣ ಹಾಕಿ ಗೀಟೆಳೆದೆ. ಮಕ್ಕಳು ಬರೆದುಕೊಂಡರು, ಯಾರಿಗೂ ಏನೂ ಆಗಲಿಲ್ಲ. ಸೇಡಿಯಾಪು ಅವರ ಪುಸ್ತಕ ಓದಿದ ಮೇಲೆ ಮರುವರ್ಷ ಗೀಟೆಳೆಯುವುದನ್ನು ಕೊನೆಗಿಟ್ಟು, ಮೊದಲು ಪದ್ಯವನ್ನು ಮೇಜು ತಟ್ಟಿ ಓದಿದೆ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಹುಡುಗ, ಮೇಳದ ಆಟಕ್ಕೆ ರಾತ್ರಿಯಿಡೀ ಹೋಗುವವನು, ತಾನೂ ಬೆಂಚು ತಟ್ಟತೊಡಗಿದ. ಅವನ ಬೆರಳು ಒಂದು ಸಲವೂ ತಪ್ಪಲಿಲ್ಲ. ಗಣ ಎಂದರೆ ಏನೆಂದು ಆ ದಿನ ನನಗೂ ಗೊತ್ತಾಯಿತು.

ಈ ಪಂಡಿತರ ಎದುರು ಕೂತ ಮಕ್ಕಳು ಯಾರು? ಮನೆಯಲ್ಲಿ ಕೊಂಕಣಿ ಆಡುವ ಕಥೋಲಿಕರು, ಇನ್ನೊಂದು ಬಗೆಯ ಕೊಂಕಣಿ ಆಡುವ ಸಾರಸ್ವತರು, ತುಳು ಆಡುವ ಬಂಟರು ಬಿಲ್ಲವರು, ಬ್ಯಾರಿ ಆಡುವ ಮುಸ್ಲಿಮರು, ಹವ್ಯಕ ಕನ್ನಡದ ಮನೆಯವರು. ಪುಸ್ತಕದ ಕನ್ನಡ ಇವರಲ್ಲಿ ಯಾರ ಮನೆಮಾತೂ ಅಲ್ಲ. ಹವ್ಯಕನಿಗೆ ಕೂಡ ಅಮ್ಮನ ಮಾತಿಗೂ ಪಾಠದ ಮಾತಿಗೂ ಎಷ್ಟೋ ದೂರ. ಹಾಗಾಗಿ ಈ ಜಿಲ್ಲೆಯಲ್ಲಿ ಕನ್ನಡ ಶಾಲೆಯಲ್ಲಿ ಬೆಳೆದ ಭಾಷೆ. ಘಟ್ಟದ ಮೇಲಿನವರು ನಮ್ಮ ಮಾತನ್ನು ಪುಸ್ತಕದ ಕನ್ನಡ ಎಂದು ನಗುತ್ತಾರೆ. ನಗಲಿ. ಪುಸ್ತಕದಿಂದಲೇ, ಮಾಸ್ಟ್ರ ಬಾಯಿಂದಲೇ ಬಂದದ್ದು ಅದು. ಯಾರ ಮನೆಯದ್ದೂ ಅಲ್ಲದ್ದರಿಂದಲೇ ಅದು ಎಲ್ಲರಿಗೂ ಸಮನಾಗಿ ಸಿಕ್ಕಿತು. ಇದು ನನ್ನ ಗಟ್ಟಿ ನಂಬಿಕೆ: ದಕ್ಷಿಣ ಕನ್ನಡದಲ್ಲಿ ಕನ್ನಡ ಉಳಿದದ್ದು, ಬೆಳೆದದ್ದು ಶಾಲೆಗಳಿಂದ. ಆ ಶಾಲೆಗಳಲ್ಲಿ ಇಗರ್ಜಿ ಶಾಲೆಗಳ ಪಾಲು ನಾವು ಹೇಳಿಕೊಳ್ಳುವುದಕ್ಕಿಂತ ಬಹಳ ದೊಡ್ಡದು.

ಇದನ್ನು ನಾನು ಮಧ್ಯಾಹ್ನದ ಬುತ್ತಿಯ ಹೊತ್ತಿನಲ್ಲಿ ಕಂಡಿದ್ದೇನೆ. ನಮ್ಮ ಕಡೆಯ ಶಾಲೆಗಳಲ್ಲಿ ತುಳುವರ ಜತೆ ಮುಂಡಾಜೆಯ ಚಿತ್ಪಾವನಿ ಮಾತಿನ ಮನೆಗಳ ಮಕ್ಕಳು, ತಿರುವಾಂಕೂರಿನಿಂದ ಬಂದು ಘಟ್ಟದ ಬುಡದಲ್ಲಿ ರಬ್ಬರ್ ಹಾಕಿದ ಮಲೆಯಾಳಿ ಕ್ರೈಸ್ತರ ಮಕ್ಕಳು, ಬ್ಯಾರಿಗಳ ಮಕ್ಕಳು, ಕೊಂಕಣಿ ಕ್ರೈಸ್ತರ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಒಂದು ದಿನ ಬುತ್ತಿ ಬಿಚ್ಚಿದ ಐದನೆಯ ತರಗತಿಯ ಮಕ್ಕಳನ್ನು ಕೇಳಿದೆ, ಇದಕ್ಕೆ ಮನೆಯಲ್ಲಿ ಏನೆನ್ನುತ್ತೀರಿ ಎಂದು. ಒಬ್ಬ ನುಪ್ಪು ಎಂದ. ಒಬ್ಬಳು ಶೀತ್. ಇಬ್ಬರು ಒಟ್ಟಿಗೆ ಚೋರು. ಇನ್ನೊಬ್ಬ ಭಾತ್. ಎಲ್ಲರ ಬುತ್ತಿಯಲ್ಲೂ ಇದ್ದದ್ದು ಅದೇ ಕುಚ್ಚಲಕ್ಕಿಯ ಅನ್ನ. ಕೊನೆಗೆ ಒಬ್ಬ ಹುಡುಗಿ, “ಸಾರ್, ಬರೆಯುವಾಗ ಅನ್ನ” ಎಂದಳು. ಬರೆಯುವಾಗ ಅನ್ನ. ಮುಳಿಯರು, ಸೇಡಿಯಾಪು ಬಾವುಟಗುಡ್ಡೆಯ ಮೇಲೆ ಕಲಿಸಿದ್ದೂ ಅದನ್ನೇ.

ಹಳ್ಳಿಯ ಹುಡುಗ ಗುಡ್ಡೆ ತಲುಪುವುದು ಸುಲಭವಿರಲಿಲ್ಲ. 1914ರಲ್ಲಿ ವಿ. ಎಸ್. ಕುಡ್ವರ ಸಿ.ಪಿ.ಸಿ. ಕಂಪೆನಿ ಮಂಗಳೂರು–ಬಂಟ್ವಾಳದ ನಡುವೆ ಬಸ್ಸು ಓಡಿಸತೊಡಗಿದ ಮೇಲೆ ದಾರಿ ಸ್ವಲ್ಪ ಹತ್ತಿರವಾಯಿತು. ಅದಕ್ಕೆ ಮುಂಚೆ ಎತ್ತಿನ ಗಾಡಿ, ಹೊಳೆಗಳಲ್ಲಿ ದೋಣಿ, ಇಲ್ಲವಾದರೆ ಕಾಲ್ನಡಿಗೆ. ಮಳೆಗಾಲದಲ್ಲಿ ನಮ್ಮ ಮೃತ್ಯುಂಜಯ ಹೊಳೆ ತುಂಬಿ ಹರಿದು ಪಜಿರಡ್ಕದಲ್ಲಿ ನೇತ್ರಾವತಿಯನ್ನು ಕೂಡಿತೆಂದರೆ ಆಚೆ ದಡ ಬೇರೆ ರಾಜ್ಯವೇ. ಶಾಲೆಗೆ ಸೇರಿಸುವುದೆಂದರೆ ಮಂಗಳೂರಿನಲ್ಲಿ ನೆಂಟರ ಮನೆಯಲ್ಲೋ ಬೋರ್ಡಿಂಗಿನಲ್ಲೋ ಬಿಡುವುದು. ಮಗ ಮತ್ತೆ ಮನೆಗೆ ಬರುವುದು ರಜೆಯಲ್ಲಿ. ಫೀಸಿಗೆ ಅಡಿಕೆ ಮಾರಬೇಕು, ಅಡಿಕೆಯ ಧಾರಣೆ ಇಳಿದರೆ ಓದು ಅಲ್ಲಿಗೆ ನಿಲ್ಲಬೇಕು.

ಹಾಗಿದ್ದೂ ಬಂದರು. ಕಾರ್ಕಳ ತಾಲೂಕಿನ ಕೌಡೂರಿನ ಸದಾನಂದ ಹೆಗ್ಡೆ ಕಾರ್ಕಳದ ಬೋರ್ಡ್ ಹೈಸ್ಕೂಲು ಮುಗಿಸಿ ಇಲ್ಲಿ ಕಾಲೇಜು ಓದಿದವರು. ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ಹಿರಿತನ ಕಡೆಗಣಿಸಿ ಮುಖ್ಯ ನ್ಯಾಯಮೂರ್ತಿಯನ್ನು ನೇಮಿಸಿದಾಗ 1973ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು, 1977ರಲ್ಲಿ ಲೋಕಸಭೆಯ ಸ್ಪೀಕರ್ ಆದರು. ಮಂಗಳೂರಿನಲ್ಲೇ 1930ರಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಎಸ್ಸೆಸ್ಸೆಲ್ಸಿ ಮುಗಿಸಿದ್ದು ಇಲ್ಲಿ. ಪಾದ್ರಿಯಾಗಲೆಂದು ಸೆಮಿನರಿಗೆ ಹೋಗಿ, ಬಿಟ್ಟು ಬಂದು, ಬೊಂಬಾಯಿಯಲ್ಲಿ ಕಾರ್ಮಿಕ ನಾಯಕರಾಗಿ, 1974ರಲ್ಲಿ ಇಡೀ ದೇಶದ ರೈಲು ನಿಲ್ಲಿಸಿದವರು. ಅವರು ವೇದಿಕೆಯ ಮೇಲೆ ನಿಂತರೆ ಕನ್ನಡ, ತುಳು, ಕೊಂಕಣಿ ಸರಾಗವಾಗಿ ಹರಿಯುತ್ತಿದ್ದವು. 1990ರಲ್ಲಿ ಇಲ್ಲಿಂದ ಎಸ್ಸೆಸ್ಸೆಲ್ಸಿ ಬರೆದು ರಾಜ್ಯಕ್ಕೇ ಮೊದಲಿಗನಾದ ಅರವಿಂದ ಅಡಿಗ 2008ರಲ್ಲಿ ಬೂಕರ್ ಪ್ರಶಸ್ತಿ ಪಡೆದ ಕಾದಂಬರಿಕಾರ. ಇಂಥ ಹೆಸರುಗಳನ್ನು ಎಲ್ಲ ಶಾಲೆಗಳೂ ಹೆಮ್ಮೆಯಿಂದ ಹೇಳುತ್ತವೆ, ಹೇಳಬೇಕು. ಆದರೆ ಎಸ್ಸೆಸ್ಸೆಲ್ಸಿ ಮುಗಿಸಿ ಊರಿಗೆ ಮರಳಿ ಪೋಸ್ಟ್ ಮಾಸ್ಟರಾದವರು, ಶಾನುಭೋಗರಾದವರು, ಸಹಕಾರಿ ಸಂಘದ ಲೆಕ್ಕ ಬರೆದವರು, ಮುಖ್ಯವಾಗಿ ಹಳ್ಳಿಯ ಶಾಲೆಗಳಲ್ಲಿ ಮಾಸ್ಟ್ರಾದವರು, ಇವರ ಹೆಸರು ಯಾವ ಫಲಕದಲ್ಲೂ ಇಲ್ಲ. ನಮ್ಮಂಥ ಊರುಗಳಿಗೆ ಶಾಲೆಯನ್ನು ಹೊತ್ತು ತಂದವರು ಅವರು.

ಶಾಲೆ ಹೀಗೆ ಮೆಲ್ಲಮೆಲ್ಲನೆ ಒಳನಾಡಿಗೆ ಬಂತು. 1958ರಲ್ಲಿ ಮೊನ್ಸಿಞೊರ್ ಆಂಟನಿ ಪತ್ರಾವೊ ಪುತ್ತೂರಿನಲ್ಲಿ ಸಂತ ಫಿಲೋಮಿನಾ ಕಾಲೇಜು ಕಟ್ಟಿದರು. ಉಜಿರೆಯಲ್ಲಿ 1940ರಲ್ಲೇ ಧರ್ಮಸ್ಥಳದ ಮಂಜಯ್ಯ ಹೆಗ್ಗಡೆಯವರು ಸಿದ್ಧವನ ಗುರುಕುಲ ತೆರೆದು ಬಡ ಮಕ್ಕಳಿಗೆ ಊಟ, ವಸತಿ ಕೊಟ್ಟಿದ್ದರು, 1966ರಲ್ಲಿ ಎಸ್.ಡಿ.ಎಂ. ಕಾಲೇಜು ಬಂತು. ಬಂಟ್ವಾಳ, ಮಡಂತ್ಯಾರು, ಬೆಳ್ತಂಗಡಿಯ ಇಗರ್ಜಿಗಳ ಮಗ್ಗುಲಲ್ಲಿ ಪ್ರಾಥಮಿಕ ಶಾಲೆಗಳು ಹೈಸ್ಕೂಲುಗಳಾಗಿ ಬೆಳೆದವು. ಘಟ್ಟದ ಬುಡದ ಮಲೆಯಾಳಿ ವಲಸಿಗರ ಸಂಖ್ಯೆ ಎಷ್ಟಾಯಿತೆಂದರೆ 1999ರಲ್ಲಿ ಸಿರೋ ಮಲಬಾರ್ ಸಭೆ ಬೆಳ್ತಂಗಡಿಯನ್ನೇ ಧರ್ಮಪ್ರಾಂತ್ಯವನ್ನಾಗಿ ಮಾಡಿತು. ಮಂಗಳೂರಿನ ದಾರಿಯಲ್ಲಿ ಬುತ್ತಿ ಕಟ್ಟಿಕೊಂಡು ನಡೆಯಬೇಕಿದ್ದ ಊರಿನಲ್ಲಿ ಈಗ ಹುಡುಗಿಯರು ಹಳದಿ ಬಸ್ಸಿನ ಕಿಟಕಿಯಿಂದ ಕೈಬೀಸುತ್ತಾರೆ.

ಈ ಸಂತೋಷದ ಜತೆಗೇ ಒಂದು ಸಂಕಟವಿದೆ, ಅದನ್ನು ಮುಚ್ಚಿಟ್ಟು ಸ್ಮರಣ ಸಂಚಿಕೆಗೆ ಬರೆಯಲು ನನಗೆ ಮನಸ್ಸಿಲ್ಲ. ಜಿಲ್ಲೆಯ ಹಳೆಯ ಅನುದಾನಿತ ಕನ್ನಡ ಶಾಲೆಗಳು ಬರಿದಾಗುತ್ತಿವೆ. ಒಬ್ಬ ಮಾಸ್ಟ್ರು ನಿವೃತ್ತರಾದರೆ ಆ ಹುದ್ದೆ ವರ್ಷಗಟ್ಟಲೆ ಖಾಲಿ. ಅದೇ ಆವರಣದಲ್ಲಿ ಇಂಗ್ಲಿಷ್ ಮಾಧ್ಯಮದ ಹೊಸ ಕಟ್ಟಡಕ್ಕೆ ಸಾಲುಸಾಲು ಅರ್ಜಿ. ತಂದೆತಾಯಿಯರನ್ನು ನಾನು ದೂರುವುದಿಲ್ಲ; ಅಂದು ಇಂಗ್ಲಿಷ್ ಬೇಕೆಂದು ರೋಮಿಗೆ ಬರೆದವರ ಹಂಬಲವೇ ಇವರದ್ದೂ. ಆದರೆ ಆ ಕಾಲದ ಸಂತ ಅಲೋಶಿಯಸ್ ಇಂಗ್ಲಿಷ್ ಕಲಿಸಲೆಂದು ಹುಟ್ಟಿಯೂ ಕನ್ನಡಕ್ಕೆ ಜಿಲ್ಲೆಯ ಅತ್ಯುತ್ತಮ ವಿದ್ವಾಂಸರನ್ನು ಹುಡುಕಿ ತಂದಿತು. ಇಂಗ್ಲಿಷಿನಲ್ಲಿ ಓದುವ ಮಗುವಿಗೆ ಕನ್ನಡವೂ ಅಷ್ಟೇ ಒಳ್ಳೆಯ ಮಾಸ್ಟ್ರಿಂದ ಸಿಗಬೇಕು ಎಂದು ಆ ಗುರುಗಳಿಗೆ ಅನ್ನಿಸಿತ್ತು. ಇಂದು ಎಷ್ಟು ಆಡಳಿತ ಮಂಡಳಿಗಳಿಗೆ ಹಾಗನ್ನಿಸುತ್ತದೆ? ಕನ್ನಡದ ಪೀರಿಯಡ್ಡನ್ನು ಪಾಠ ಮುಗಿಯದ ವಿಜ್ಞಾನಕ್ಕೆ ಬಿಟ್ಟುಕೊಡಿ ಎಂದು ಕೇಳಿಸಿಕೊಳ್ಳದ ಕನ್ನಡ ಟೀಚರು ನಮ್ಮ ತಾಲೂಕಿನಲ್ಲಿ ಸಿಗುವುದು ಕಷ್ಟ.

ಗುಡ್ಡೆಯ ಸಂಸ್ಥೆ ಬೆಳೆಯುತ್ತಲೇ ಇದೆ. 1966ರಲ್ಲಿ ದುಡಿಯುವವರಿಗಾಗಿ ಸಂಜೆ ಕಾಲೇಜು ತೆರೆಯಿತು, 2007ರಲ್ಲಿ ಕಾಲೇಜು ಸ್ವಾಯತ್ತವಾಯಿತು, 2024ರಲ್ಲಿ ಪರಿಗಣಿತ ವಿಶ್ವವಿದ್ಯಾಲಯವಾಯಿತು. ಇವೆಲ್ಲಕ್ಕಿಂತ ನನಗೆ ಇಷ್ಟವಾದದ್ದು 2009ರಲ್ಲಿ ಶುರುವಾದ ರೇಡಿಯೋ ಸಾರಂಗ್. 107.8ಕ್ಕೆ ತಿರುಗಿಸಿದರೆ ಒಂದು ಗಳಿಗೆ ತುಳು, ಒಂದು ಗಳಿಗೆ ಕೊಂಕಣಿ, ಒಂದು ಗಳಿಗೆ ಬ್ಯಾರಿ, ಮತ್ತೆ ಕನ್ನಡ. ಸಮುದಾಯ ಬಾನುಲಿಯ ಅಲೆ ಘಟ್ಟದ ಬುಡದವರೆಗೆ ಬರುವುದಿಲ್ಲ, ಮಂಗಳೂರಿಗೆ ಹೋದಾಗ ಕೇಳುತ್ತೇನೆ. ಕೊಂಕಣಿ ಕಲಿಯಲು ಕೂತಿದ್ದ ಮಾಫೆಯಿ ಗುರುಗಳ ಕಿವಿಗೆ ಇದು ಬಿದ್ದಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ.

1880ರಿಂದ ಎಣಿಸಿದರೆ ಶಾಲೆಗೆ 150 ತುಂಬಲು ಹೆಚ್ಚು ವರ್ಷ ಉಳಿದಿಲ್ಲ. ಆ ಹೊತ್ತಿಗೆ ಇನ್ನಷ್ಟು ಸಂಚಿಕೆಗಳು ಬರುತ್ತವೆ. ಅವುಗಳಲ್ಲಿ ರೆಕ್ಟರುಗಳ ಪಟ್ಟಿ, ಪ್ರಾಂಶುಪಾಲರ ಪಟ್ಟಿ, ದಾನಿಗಳ ಪಟ್ಟಿ ಖಂಡಿತ ಇರುತ್ತದೆ. ಸಂಪಾದಕರಲ್ಲಿ ನನ್ನದೊಂದು ಬೇಡಿಕೆ. ಕನ್ನಡ ಪಂಡಿತರ ಪಟ್ಟಿಯನ್ನೂ ಹಾಕಿ. ಹಳೆಯ ಹಾಜರಿ ಪುಸ್ತಕ, ಸಂಬಳದ ರಿಜಿಸ್ಟರು, ಮಂಗಳೂರು ಮ್ಯಾಗಜೀನಿನ ಹಳೆಯ ಸಂಪುಟಗಳನ್ನು ತೆಗೆದು ಮೊದಲ ಪಂಡಿತರಿಂದ ಇಂದಿನ ಟೀಚರುಗಳ ತನಕ ಒಬ್ಬರನ್ನೂ ಬಿಡದೆ ಹೆಸರು, ಊರು, ಕಲಿಸಿದ ವರ್ಷ ಬರೆಯಿರಿ. ಸೇಡಿಯಾಪು ಅವರಿಗೆ 1994ರ ಪಂಪ ಪ್ರಶಸ್ತಿ ಬಂತು. ‘ನಾಡೋಜ ಪಂಪ’ ಬರೆದ ಮುಳಿಯರು ಕಲಿಸಿದ ಸಂಸ್ಥೆಯಲ್ಲೇ ಕಲಿಸಿದವರಿಗೆ, ಪಂಪನ ಹೆಸರಿನ ಪ್ರಶಸ್ತಿ, ತೊಂಬತ್ತೆರಡರ ವಯಸ್ಸಿನಲ್ಲಿ. ಎರಡೇ ವರ್ಷಕ್ಕೆ, 1996ರಲ್ಲಿ, ಅವರು ತೀರಿಕೊಂಡರು. ಪಟ್ಟಿ ತಯಾರಾದ ದಿನ ಒಂದು ಪ್ರತಿ ಮುಂಡಾಜೆಗೂ ಕಳಿಸಿ. ಇಲ್ಲಿಯ ಶಾಲೆಯ ಗೋಡೆಯಲ್ಲಿ ಅದಕ್ಕೆ ಜಾಗ ಮಾಡಿಸುವುದು ನನ್ನ ಹೊಣೆ.